ಲಾಲ್‌ಬಾಗ್ ಬಂಡೆಗೆ 300 ಕೋಟಿ ವರ್ಷ ಅಂತ ಹೇಗೆ ಗೊತ್ತಾಯಿತು?

ತುರುವೇಕೆರೆ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮೊನ್ನೆ ಮಕ್ಕಳನ್ನು ಲಾಲ್‌ಬಾಗ್‌ಗೆ ಕರೆದುಕೊಂಡು ಹೋಗಿದ್ದೆವು. ಕೆಂಪೇಗೌಡ ಗೋಪುರ ಇರುವ ಬಂಡೆಯ ಹತ್ತಿರ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರ ಫಲಕ ಇದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ವಯಸ್ಸು ಸುಮಾರು 300 ಕೋಟಿ ವರ್ಷ ಅಂತ. ಒಂಬತ್ತನೇ ಕ್ಲಾಸಿನ ಹುಡುಗಿ ಕೇಳಿದಳು: "ಸಾರ್, ಆವಾಗ ಯಾರೂ ಇರಲಿಲ್ಲ. ಕಲ್ಲಿನ ಮೇಲೆ ತಾರೀಖೂ ಇಲ್ಲ. ಮತ್ತೆ ಯಾರು ಎಣಿಸಿದರು?" ಕಾರ್ಬನ್ ಡೇಟಿಂಗ್ ಅಂತ ಪಕ್ಕದಲ್ಲಿದ್ದ ಹುಡುಗ ಉತ್ತರ ಕೊಟ್ಟ. ಅದು ಇಷ್ಟು ಹಳೆಯದಕ್ಕೆ ನಡೆಯೋದಿಲ್ಲ ಅಂತ ಹೇಳಿದೆ. ಹಾಗಾದರೆ ಯಾವುದು ನಡೆಯುತ್ತದೆ ಅನ್ನೋದನ್ನು ಸರಿಯಾಗಿ ತಿಳಿದುಕೊಂಡೇ ಹೇಳಬೇಕು. ಬಲ್ಲವರು ಬಿಡಿಸಿ ಹೇಳುತ್ತೀರಾ? ಹಾಗೇ ಜುರಾಸಿಕ್, ಡೆವೋನಿಯನ್ ಅಂತೆಲ್ಲ ಕಾಲ ಹಂಚಿದ್ದಾರಲ್ಲ, ನಮ್ಮ ಬಂಡೆ ಅದರಲ್ಲಿ ಎಲ್ಲಿ ಬರುತ್ತದೆ?

ಸುತ್ತಿಗೆ ರಾಯರು
ಮೇಷ್ಟ್ರೇ, ಆ ಹುಡುಗಿಗೆ ನನ್ನ ಶಹಬ್ಬಾಸ್ ತಿಳಿಸಿ. ವೃತ್ತಿಯಲ್ಲಿ ಇದ್ದಷ್ಟು ಕಾಲ ನಾನು ಕಲ್ಲು ಒಡೆದುಕೊಂಡೇ ಇದ್ದವನು. ಈಗ ನಿವೃತ್ತಿ.

ಮೊದಲು ಕಾರ್ಬನ್ ವಿಷಯ. ಜೀವಿ ಬದುಕಿರುವಾಗ ಗಾಳಿಯಿಂದ, ಆಹಾರದಿಂದ ಕಾರ್ಬನ್-14 ಒಳಗೆ ಬರುತ್ತಿರುತ್ತದೆ. ಸತ್ತ ಮೇಲೆ ಬರೋದು ನಿಲ್ಲುತ್ತದೆ, ಇದ್ದದ್ದು ಕರಗುತ್ತಾ ಹೋಗುತ್ತದೆ. 5,730 ವರ್ಷಕ್ಕೆ ಅರ್ಧ. 50,000 ವರ್ಷ ಆಗುವಷ್ಟರಲ್ಲಿ ಸಾವಿರದಲ್ಲಿ ಎರಡು ಮೂರು ಪಾಲು ಮಾತ್ರ ಉಳಿದಿರುತ್ತದೆ. ಅಲ್ಲಿಂದಾಚೆ ಅಳೆಯೋಕೆ ಏನೂ ಇಲ್ಲ. ಅದೂ ಇದ್ದಿಲು, ಮೂಳೆ, ಚಿಪ್ಪು ಇಂಥದ್ದಕ್ಕೆ. ಲಾಲ್‌ಬಾಗ್ ಬಂಡೆ ಎಂದೂ ಉಸಿರಾಡಿದ್ದಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಗೊಂದಲ ಎಲ್ಲ ಇಲ್ಲೇ ಹುಟ್ಟೋದು. ಕಲ್ಲಿಗೆ ಒಂದೇ ವಯಸ್ಸು ಇರೋದಿಲ್ಲ. ಕರಗಿದ ಕಲ್ಲು ಗಟ್ಟಿಯಾದ ದಿನ ಒಂದು. ಆಳದಲ್ಲಿ ಮತ್ತೆ ಕಾದು, ಒತ್ತಡಕ್ಕೆ ಮಡಚಿಕೊಂಡ ದಿನ ಇನ್ನೊಂದು. ತಣ್ಣಗಾಗುತ್ತಾ ಮೇಲೆ ಬಂದ ದಿನ ಮತ್ತೊಂದು. ಯಾರಾದರೂ "ಈ ಕಲ್ಲಿಗೆ ಇಷ್ಟು ವರ್ಷ" ಅಂದರೆ, "ಯಾವ ಘಟನೆ ಆಗಿ ಇಷ್ಟು ವರ್ಷ?" ಅಂತ ಕೇಳಬೇಕು. ಲಾಲ್‌ಬಾಗ್‌ನದ್ದು ನೈಸ್ ಅನ್ನೋ ಜಾತಿಯ ಕಲ್ಲು. ಬಿಳಿ ಮತ್ತು ಬೂದು ಪಟ್ಟೆಗಳು ಅಲೆಅಲೆಯಾಗಿ ಹರಿದಿರೋದನ್ನು ಬರಿಗಣ್ಣಿನಲ್ಲೇ ನೋಡಬಹುದು. ಕಾದು, ಹಿಗ್ಗಿ, ಮಡಚಿದ ಗುರುತು ಅದು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಈ ಜಾತಿಗೆ ಪೆನಿನ್ಸುಲರ್ ನೈಸ್ ಅಂತ ಹೆಸರಿಟ್ಟರು. ದಕ್ಷಿಣ ಭಾರತದ ಬಹುಪಾಲಿಗೆ ಇದೇ ಅಡಿಪಾಯ. ಇದು ಒಂದೇ ಸಲಕ್ಕೆ ಆದದ್ದಲ್ಲ. ಜಾಗದಿಂದ ಜಾಗಕ್ಕೆ 340 ಕೋಟಿಯಿಂದ 250 ಕೋಟಿ ವರ್ಷದವರೆಗೆ ವಯಸ್ಸು ಬಂದಿದೆ. ಗೊರೂರು, ಹಾಸನದ ಕಡೆಯದ್ದು ಹಳೇ ಪೈಕಿ, ಸುಮಾರು 330 ಕೋಟಿ.

ಯಾಕೆ ಹೇಗೆ
ರಾಯರೇ, ಸಂಖ್ಯೆ ಹೇಳಿದಿರಿ. ಹೇಗೆ ಅಳೆದರು ಅನ್ನೋದು ಇನ್ನೂ ಬಂದಿಲ್ಲ.

ಕಣ ಹೆಕ್ಕುವವಳು
ಅದನ್ನು ನಾನು ಹೇಳುತ್ತೇನೆ. ದಿನಾ ಮಾಡೋ ಕೆಲಸವೇ ಇದು.

ನಮಗೆ ಬೇಕಾದ್ದು ಜಿರ್ಕಾನ್ ಅನ್ನೋ ಖನಿಜದ ಹರಳು. ಗ್ರಾನೈಟ್, ನೈಸ್ ಇವುಗಳಲ್ಲಿ ಇರುತ್ತದೆ, ಆದರೆ ಬಹಳ ಚಿಕ್ಕದು. ಉದ್ದ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು, ಹೆಚ್ಚೆಂದರೆ ಎರಡು ಪಾಲು. ಕೆಲವು ಕಿಲೋ ಕಲ್ಲು ತಂದು ಪುಡಿ ಮಾಡುತ್ತೇವೆ. ಜರಡಿ ಹಿಡಿಯುತ್ತೇವೆ. ನೀರು ಹರಿಯುವ ಅಲುಗಾಡೋ ಮೇಜಿನ ಮೇಲೆ ಹಾಕಿದರೆ ಹಗುರ ಕಣ ಒಂದು ಕಡೆ, ಭಾರದ್ದು ಒಂದು ಕಡೆ ಆಗುತ್ತದೆ. ಆಮೇಲೆ ಆಯಸ್ಕಾಂತ, ಆಮೇಲೆ ನೀರಿಗಿಂತ ಬಹಳ ಭಾರದ ದ್ರವ. ಅದರಲ್ಲಿ ಸ್ಫಟಿಕದ ಪುಡಿ ತೇಲುತ್ತದೆ, ಜಿರ್ಕಾನ್ ಮುಳುಗುತ್ತದೆ. ಕೊನೆಗೆ ಸೂಕ್ಷ್ಮದರ್ಶಕದ ಕೆಳಗೆ ಸೂಜಿಯಲ್ಲಿ ಒಂದೊಂದೇ ಕಣ ಹೆಕ್ಕುತ್ತೇವೆ. ಎಷ್ಟು ದೊಡ್ಡ ಯಂತ್ರ ಬಂದರೂ ಈ ಹೆಕ್ಕೋ ಕೆಲಸ ಕಣ್ಣಿಗೂ ಕೈಗೂ ಬಿಟ್ಟಿದ್ದೇ.

ಜಿರ್ಕಾನ್‌ಗೇ ಯಾಕೆ ಇಷ್ಟು ಮರ್ಯಾದೆ ಅಂದರೆ, ಹರಳು ಬೆಳೆಯುವಾಗ ಅದು ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹತ್ತಿರ ಸೇರಿಸೋದಿಲ್ಲ. ಯುರೇನಿಯಂ ನಿಧಾನಕ್ಕೆ ಸೀಸ ಆಗುತ್ತದೆ. ಹಾಗಾಗಿ ಇವತ್ತು ಒಳಗೆ ಸೀಸ ಸಿಕ್ಕಿದರೆ, ಹೆಚ್ಚುಕಮ್ಮಿ ಅಷ್ಟೂ ಅಲ್ಲೇ ಹುಟ್ಟಿದ್ದು. ಎಷ್ಟು ಯುರೇನಿಯಂ ಉಳಿದಿದೆ, ಎಷ್ಟು ಸೀಸ ಆಗಿದೆ ಅಂತ ಅಳೆದರೆ ಕಾಲ ಸಿಗುತ್ತದೆ. ಇನ್ನೂ ಚೆಂದದ ವಿಷಯ ಏನಂದರೆ ಒಂದೇ ಹರಳಿನಲ್ಲಿ ಎರಡು ಗಡಿಯಾರ ಇವೆ. ಯುರೇನಿಯಂ-238 ಅರ್ಧ ಆಗೋಕೆ 447 ಕೋಟಿ ವರ್ಷ ಬೇಕು, ಅದು ಸೀಸ-206 ಆಗುತ್ತದೆ. ಯುರೇನಿಯಂ-235ಕ್ಕೆ 70.4 ಕೋಟಿ ವರ್ಷ ಸಾಕು, ಅದು ಸೀಸ-207 ಆಗುತ್ತದೆ. ಎರಡೂ ಒಂದೇ ವಯಸ್ಸು ಹೇಳಿದರೆ ನಂಬುತ್ತೇವೆ. ಮಧ್ಯೆ ಯಾವಾಗಲೋ ಸೀಸ ಸೋರಿಹೋಗಿದ್ದರೆ ಎರಡೂ ಬೇರೆ ಬೇರೆ ಹೇಳುತ್ತವೆ, ಕೂಡಲೇ ಗೊತ್ತಾಗುತ್ತದೆ.

ರಾಯರು ಹೇಳಿದ "ಯಾವ ಘಟನೆ" ಅನ್ನೋದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಹರಳನ್ನು ಅರ್ಧಕ್ಕೆ ತೇಯ್ದು, ಎಲೆಕ್ಟ್ರಾನ್ ಕಿರಣ ಬಿಟ್ಟು ಫೋಟೋ ತೆಗೆದರೆ ಒಳಗೆ ಸುತ್ತುಸುತ್ತಾಗಿ ಬೆಳೆದ ಗೆರೆಗಳು ಕಾಣುತ್ತವೆ. ಎಷ್ಟೋ ಹರಳುಗಳಿಗೆ ಒಂದು ಹಳೇ ತಿರುಳು, ಅದರ ಸುತ್ತ ಆಮೇಲೆ ಬೆಳೆದ ತೆಳು ಅಂಚು. ಅಳತೆಗೆ ಹರಳಿನ ಮೇಲೆ ಬಿಡೋ ಲೇಸರ್ ಚುಕ್ಕೆ ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಪಾಲಿನಷ್ಟೇ ಅಗಲ. ಹಾಗಾಗಿ ತಿರುಳಿಗೆ ಬೇರೆ, ಅಂಚಿಗೆ ಬೇರೆ ಗುರಿ ಇಡಬಹುದು. ಕಲ್ಲು ಹುಟ್ಟಿದ ಕಾಲವನ್ನು ತಿರುಳು ಹೇಳುತ್ತದೆ, ಮತ್ತೆ ಬೆಂದ ಕಾಲವನ್ನು ಅಂಚು ಹೇಳುತ್ತದೆ. ದಕ್ಷಿಣ ಕರ್ನಾಟಕದಲ್ಲಿ ಸುಮಾರು 250 ಕೋಟಿ ವರ್ಷದ ಹಿಂದೆ ನೆಲದಾಳ ಜೋರಾಗಿ ಕಾದಿತ್ತು. ಆ ಗುರುತು ಅಂಚುಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ.

ಪರ್ತ್ ಕನ್ನಡಿಗ
ಇಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕಿದ ಜಿರ್ಕಾನ್ 440 ಕೋಟಿ ವರ್ಷದ್ದು. ಅಂದರೆ ಅಲ್ಲಿನ ಬೆಟ್ಟ ಪ್ರಪಂಚದಲ್ಲೇ ಹಳೇ ಬೆಟ್ಟ ಅಂತ ಆಯಿತಲ್ವಾ?

ಕಣ ಹೆಕ್ಕುವವಳು
ಇಲ್ಲ ಸರ್. ಅಲ್ಲಿನ ಕಲ್ಲು ನದಿ ತಂದು ಹಾಕಿದ ಮರಳು, ಉರುಟುಗಲ್ಲು ಗಟ್ಟಿಯಾಗಿ ಆದದ್ದು. ಅದಕ್ಕೆ ಸುಮಾರು 300 ಕೋಟಿ ವರ್ಷ. ಹಳೇ ಮನೆಯ ತೊಲೆ ಹಾಕಿ ಹೊಸ ಮನೆ ಕಟ್ಟಿದರೆ ಮನೆಗೆ ತೊಲೆಯ ವಯಸ್ಸು ಬರೋದಿಲ್ಲ. ಆ ಕಣ ಹುಟ್ಟಿದ ಮೂಲ ಕಲ್ಲು ಎಂದೋ ಸವೆದು ಹೋಗಿದೆ. ಕಣ ಮಾತ್ರ ಉಳಿದಿದೆ. ಮರಳುಗಲ್ಲಿನಲ್ಲಿ ಇರೋ ಜಿರ್ಕಾನ್‌ಗಳಲ್ಲಿ ಎಲ್ಲಕ್ಕಿಂತ ಚಿಕ್ಕ ವಯಸ್ಸಿನದ್ದು ಯಾವುದೋ, ಕಲ್ಲು ಅದಕ್ಕಿಂತ ಹಳೆಯದಾಗಿರೋಕೆ ಸಾಧ್ಯ ಇಲ್ಲ. ಅಷ್ಟು ಮಾತ್ರ ಹೇಳಬಹುದು.

ರಾಮನಗರದ ಹುಡುಗ
ನಮ್ಮೂರ ಸುತ್ತ ಕ್ವಾರಿಗಳಲ್ಲಿ ಎರಡು ತರದ ಕಲ್ಲು ಒಟ್ಟಿಗೆ ಕಾಣುತ್ತದೆ. ಪಟ್ಟೆ ಪಟ್ಟೆ ಬೂದು ಕಲ್ಲಿನ ಒಳಗೆ ಗುಲಾಬಿ ಕಲ್ಲು ನುಗ್ಗಿರುತ್ತದೆ. ಗುಲಾಬಿಯದರಲ್ಲಿ ಹೆಬ್ಬೆರಳಿನಷ್ಟು ದಪ್ಪ ಹರಳುಗಳು. ಕೆಲವು ಕಡೆ ಇವೆರಡನ್ನೂ ಸೀಳಿಕೊಂಡು ಗೋಡೆ ತರ ಕರಿಕಲ್ಲು ಹೋಗಿರುತ್ತದೆ. ಯಾವುದು ಹಳೆಯದು?

ಸುತ್ತಿಗೆ ರಾಯರು
ಉತ್ತರ ನೀನೇ ಬರೆದುಬಿಟ್ಟೆಯಲ್ಲಪ್ಪ! ಸೀಳಿಸಿಕೊಂಡದ್ದು ಮೊದಲು ಇರಲೇಬೇಕು, ಸೀಳಿದ್ದು ಆಮೇಲೆ ಬಂದದ್ದು. ಇದಕ್ಕೆ ಯಂತ್ರ ಬೇಡ, ಕಣ್ಣು ಸಾಕು. ಬೂದು ಪಟ್ಟೆಯದು ನೈಸ್, ಅದು ಹಿರಿಯದು. ಗುಲಾಬಿಯದು ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರದ ಹಳೇ ಹೆಸರೇ ಅದಕ್ಕೆ ನಿಂತಿದೆ. ಕಬ್ಬಾಳದುರ್ಗದ ಕಡೆಯಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಹೋಗುತ್ತದೆ. ಕರಿಕಲ್ಲು ಡಾಲರೈಟ್, ವ್ಯಾಪಾರದವರು ಬ್ಲ್ಯಾಕ್ ಗ್ರಾನೈಟ್ ಅಂತ ಮಾರೋದು. ಅದು ಎಲ್ಲಕ್ಕಿಂತ ಕಿರಿಯದು.

ಆಮೇಲೆ ಪ್ರಯೋಗಶಾಲೆಯವರು ಅಳೆದಾಗ ಏನು ಬಂತು ನೋಡಿ. ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 251ರಿಂದ 252 ಕೋಟಿ. ಬೆಂಗಳೂರು ಸುತ್ತ ಪೂರ್ವ ಪಶ್ಚಿಮವಾಗಿ ಹೋಗೋ ಕರಿಕಲ್ಲಿನ ಗೋಡೆಗಳು ಸುಮಾರು 237 ಕೋಟಿ. ಕಣ್ಣು ಹೇಳಿದ ಅನುಕ್ರಮವನ್ನೇ ಸೀಸ ಹೇಳಿತು. ಇದನ್ನು ನೆನೆದಾಗಲೆಲ್ಲ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮೇಷ್ಟ್ರೇ, ಮಕ್ಕಳಿಗೆ ಇದನ್ನೇ ಮೊದಲು ಹೇಳಿ. ಅನುಕ್ರಮ ಮೊದಲು, ಅಂಕಿ ಆಮೇಲೆ. ಚರಿತ್ರೆಯಲ್ಲೂ ಹಾಗೇ ಆಗಿದ್ದು. ಕೆಳಗಿನ ಪದರ ಮೊದಲು ಬಿದ್ದದ್ದು, ಮೇಲಿನದು ಆಮೇಲೆ ಅಂತ ಸ್ಟೆನೋ 1669ರಲ್ಲೇ ಬರೆದ. ಸ್ಕಾಟ್ಲೆಂಡಿನ ಹಟನ್ 1788ರಲ್ಲಿ ಸಿಕ್ಕಾರ್ ಪಾಯಿಂಟ್ ಅನ್ನೋ ಕಡಲ ದಂಡೆಯಲ್ಲಿ ನೆಟ್ಟಗೆ ನಿಂತ ಪದರಗಳ ಮೇಲೆ ಹೆಚ್ಚುಕಮ್ಮಿ ಚಪ್ಪಟೆ ಪದರ ಮಲಗಿರೋದನ್ನು ಕಂಡ. ಕೆಳಗಿನದು ಬಿದ್ದು, ಗಟ್ಟಿಯಾಗಿ, ಎದ್ದು ನಿಂತು, ಸವೆದು, ಆಮೇಲೆ ಮೇಲಿನದು ಬೀಳಬೇಕಾದರೆ ಎಷ್ಟು ಕಾಲ ಬೇಕು! ನಮ್ಮ ಬಾಗಲಕೋಟೆ ಜಿಲ್ಲೆಯ ಕಡೆಯಲ್ಲೂ ಇದೇ ನೋಟ ಇದೆ. ವಾಲಿದ ಹಳೇ ಪದರಗಳ ಮೇಲೆ ಬಾದಾಮಿಯ ಮರಳುಗಲ್ಲು ಸಪಾಟಾಗಿ ಕೂತಿದೆ. ಬಾದಾಮಿಗೆ ಹೋದವರೆಲ್ಲ ಗುಹೆ ನೋಡಿ ಬರುತ್ತಾರೆ, ಈ ಜಾಗ ನೋಡೋವವರು ಕಡಿಮೆ.

ಯಾಕೆ ಹೇಗೆ
ಒಂದು ಗಂಭೀರ ಸಂಶಯ. ಯುರೇನಿಯಂ ಇವತ್ತು ಈ ವೇಗದಲ್ಲಿ ಸೀಸ ಆಗುತ್ತಿದೆ, ಸರಿ. 300 ಕೋಟಿ ವರ್ಷದ ಹಿಂದೆಯೂ ಇದೇ ವೇಗ ಇತ್ತು ಅಂತ ಯಾರು ಕಂಡರು? ವೇಗ ಬದಲಾಗಿದ್ದರೆ ಲೆಕ್ಕ ಎಲ್ಲಾ ಹಾಳಲ್ವಾ?

ಕಣ ಹೆಕ್ಕುವವಳು
ಕೇಳಲೇಬೇಕಾದ ಪ್ರಶ್ನೆ ಇದು. ಯುರೇನಿಯಂ ಹೀಗೆ ಸೀಸ ಆಗೋದಕ್ಕೆ ವಿಕಿರಣ ಕ್ಷಯ ಅಂತಾರೆ. ಅದು ನಡೆಯೋದು ಪರಮಾಣುವಿನ ನಡು ಬೀಜದಲ್ಲಿ. ಕಲ್ಲಿಗೆ ಬರೋ ಶಾಖ, ಒತ್ತಡ ಅಲ್ಲಿಗೆ ತಟ್ಟೋದಿಲ್ಲ. ಅದು ಒಂದು ಉತ್ತರ. ಇನ್ನೊಂದು ಆಕಾಶದಿಂದ ಬಂದದ್ದು. 1987ರಲ್ಲಿ ಪಕ್ಕದ ಗ್ಯಾಲಕ್ಸಿಯಲ್ಲಿ ಒಂದು ನಕ್ಷತ್ರ ಸಿಡಿದದ್ದು ಕಂಡಿತು. ಆ ಬೆಳಕು ಅಲ್ಲಿಂದ ಹೊರಟು ಒಂದೂವರೆ ಲಕ್ಷ ವರ್ಷಕ್ಕೂ ಜಾಸ್ತಿ ಆಗಿತ್ತು. ಸಿಡಿತದಲ್ಲಿ ಹುಟ್ಟಿದ ಕೋಬಾಲ್ಟ್-56 ಇಲ್ಲಿ 77 ದಿನಕ್ಕೆ ಅರ್ಧ ಆಗುತ್ತದೆ. ಅಲ್ಲಿನ ಬೆಳಕೂ ಅದೇ ಲೆಕ್ಕದಲ್ಲಿ ಮಂಕಾಗುತ್ತಾ ಬಂತು.

ಸುತ್ತಿಗೆ ರಾಯರು
ನನಗೆ ಜಾಸ್ತಿ ಇಷ್ಟವಾದ ಸಾಕ್ಷಿ ಹವಳದ್ದು. ಕೆಲವು ಹವಳಗಳ ಮೈಮೇಲೆ ದಿನಕ್ಕೊಂದು ಸಣ್ಣ ಗೆರೆ ಬೆಳೆಯುತ್ತದೆ, ವರ್ಷಕ್ಕೊಂದು ದೊಡ್ಡ ಪಟ್ಟಿ. ಜಾನ್ ವೆಲ್ಸ್ ಅನ್ನೋ ವಿಜ್ಞಾನಿ 1963ರಲ್ಲಿ ಡೆವೋನಿಯನ್ ಕಾಲದ ಹವಳದ ಪಳೆಯುಳಿಕೆಗಳಲ್ಲಿ ಈ ಗೆರೆ ಎಣಿಸಿದರು. ವರ್ಷಕ್ಕೆ ಸುಮಾರು 400 ಗೆರೆ ಬಂತು! ವರ್ಷದ ಉದ್ದ ಆಗಲೂ ಇಷ್ಟೇ, ಆದರೆ ದಿನ ಚಿಕ್ಕದಿತ್ತು. ಉಬ್ಬರವಿಳಿತದ ಎಳೆತಕ್ಕೆ ಭೂಮಿಯ ತಿರುಗಾಟ ನಿಧಾನ ಆಗುತ್ತಾ ಬರುತ್ತಿದೆ, ನೂರು ವರ್ಷಕ್ಕೆ ದಿನ ಸುಮಾರು 2 ಮಿಲಿಸೆಕೆಂಡ್ ಉದ್ದ ಆಗುತ್ತದೆ ಅಂತ ಖಗೋಳದವರು ಹೇಳುತ್ತಿದ್ದರು. ಆ ಲೆಕ್ಕದಲ್ಲಿ ವರ್ಷಕ್ಕೆ 400 ದಿನ ಇದ್ದದ್ದು ಯಾವಾಗ ಅಂತ ಹಿಂದಕ್ಕೆ ಹೋದರೆ, ಯುರೇನಿಯಂ ಗಡಿಯಾರ ಡೆವೋನಿಯನ್‌ಗೆ ಕೊಟ್ಟಿದ್ದ ಕಾಲದ ಹತ್ತಿರಕ್ಕೇ, ಅಂದರೆ 38 ಕೋಟಿ ವರ್ಷದ ಆಸುಪಾಸಿಗೆ ಬರುತ್ತದೆ. ಹವಳಕ್ಕೂ ಯುರೇನಿಯಂಗೂ ಒಂದಕ್ಕೊಂದು ಸಂಬಂಧವೇ ಇಲ್ಲ.

ಯಾಕೆ ಹೇಗೆ
ಇದು ಗೊತ್ತಿರಲಿಲ್ಲ. ತುಂಬಾ ಸಂತೋಷ ಆಯಿತು.

ಮಲ್ಪೆ ಬಂದರು
ಸೇಂಟ್ ಮೇರೀಸ್ ದ್ವೀಪದ ಕಂಬದ ಕಲ್ಲುಗಳ ವಯಸ್ಸು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. 6.6 ಕೋಟಿ ಅಂತ ಕೆಲವರು, 8.8 ಅಂತ ಕೆಲವರು, 9 ಕೋಟಿ ದಾಟಿದೆ ಅಂತ ಇನ್ನು ಕೆಲವರು. ಯಾವುದು ಸರಿ ಮಾರ್ರೆ?

ಕಣ ಹೆಕ್ಕುವವಳು
6.6 ಕೋಟಿ ಅಲ್ಲ. ಅದು ದಖ್ಖನ್ ಲಾವಾದ ವಯಸ್ಸು, ಬೆಳಗಾವಿ, ವಿಜಯಪುರ, ಬೀದರ್ ಕಡೆಯ ಕಪ್ಪು ಕಲ್ಲು. ನಿಮ್ಮ ದ್ವೀಪದ್ದು ಅದಕ್ಕಿಂತ ಹಳೆಯದು. ಮಡಗಾಸ್ಕರ್ ಭಾರತದಿಂದ ಬಿಟ್ಟುಹೋದ ಕಾಲದ್ದು. ಬೇರೆ ಬೇರೆ ತಂಡದವರಿಗೆ ಸುಮಾರು 8.5 ಕೋಟಿಯಿಂದ 9.3 ಕೋಟಿವರೆಗೆ ಸಂಖ್ಯೆ ಬಂದಿದೆ. ಕಾರಣ, ಗಡಿಯಾರ ಬೇರೆ ಬೇರೆ. ಪೊಟ್ಯಾಸಿಯಂ ಆರ್ಗಾನ್ ಆಗೋದನ್ನು ಅಳೆಯೋದು ಒಂದು ವಿಧಾನ. ಆರ್ಗಾನ್ ಅನಿಲ, ಕಲ್ಲು ಶಿಥಿಲವಾದರೆ ಸುಲಭಕ್ಕೆ ಸೋರುತ್ತದೆ, ಆಗ ವಯಸ್ಸು ಕಮ್ಮಿ ಕಾಣುತ್ತದೆ. ಕಡಲ ನೀರಿಗೆ ಮೈಯೊಡ್ಡಿದ ಕಲ್ಲಿಗೆ ಈ ಅಪಾಯ ಇದ್ದೇ ಇದೆ. ಯುರೇನಿಯಂ ಸೀಸದ ವಿಧಾನದಲ್ಲಿ ಬಂದದ್ದು 9.1 ಕೋಟಿ ಹತ್ತಿರ. ನನಗೆ ಅದರ ಮೇಲೇ ನಂಬಿಕೆ ಜಾಸ್ತಿ. ಫಲಕದಲ್ಲಿ ಒಂದೇ ಸಂಖ್ಯೆ ಬರೆಯುವ ಬದಲು ಅಳೆದ ವಿಧಾನವನ್ನೂ ಬರೆದರೆ ನೋಡುವವರಿಗೆ ಎಷ್ಟೋ ಉಪಕಾರ.

ವಿಜಯಪುರದ ಅಕ್ಕ
ಪಳೆಯುಳಿಕೆ ಬಗ್ಗೆ ಯಾರೂ ಹೇಳಲಿಲ್ಲ. ಡೈನೋಸಾರ್ ಮೂಳೆಯನ್ನೂ ಯುರೇನಿಯಂನಲ್ಲೇ ಅಳೆಯುತ್ತಾರಾ?

ಸುತ್ತಿಗೆ ರಾಯರು
ಸಾಮಾನ್ಯವಾಗಿ ಇಲ್ಲ ತಾಯಿ. ಮೂಳೆಯನ್ನಲ್ಲ, ಮೂಳೆ ಸಿಕ್ಕಿದ ಪದರದ ಮೇಲೆ ಕೆಳಗೆ ಜ್ವಾಲಾಮುಖಿಯ ಬೂದಿ ಇದೆಯಾ ನೋಡುತ್ತಾರೆ. ಬೂದಿಯಲ್ಲಿ ಜಿರ್ಕಾನ್ ಇರುತ್ತದೆ. ಮೇಲಿನ ಬೂದಿಗೂ ಕೆಳಗಿನ ಬೂದಿಗೂ ವಯಸ್ಸು ಸಿಕ್ಕಿದರೆ ಮೂಳೆ ಆ ಎರಡರ ನಡುವಿನದು.

ಬೂದಿ ಎಲ್ಲ ಕಡೆ ಸಿಗೋದಿಲ್ಲ. ಅಲ್ಲಿ ಪಳೆಯುಳಿಕೆಗಳೇ ಕೈಹಿಡಿಯೋದು. ನಮ್ಮಲ್ಲಿ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮ ಇರುತ್ತದೆ. ನೇಪಾಳದ ಕಾಳಿ ಗಂಡಕಿ ನದಿಯಲ್ಲಿ ಸಿಗುವಂಥದ್ದು. ಒಳಗಿನ ಚಕ್ರ ಅಮೋನೈಟ್ ಅನ್ನೋ ಕಡಲ ಜೀವಿಯ ಸುರುಳಿ ಚಿಪ್ಪು. ಹೆಚ್ಚಿನವು ಜುರಾಸಿಕ್ ಕಾಲದ ಕೊನೆಭಾಗದವು, ಸುಮಾರು 15 ಕೋಟಿ ವರ್ಷದ ಆಸುಪಾಸು. ಹಿಮಾಲಯ ಏಳೋ ಮೊದಲು ಅಲ್ಲಿದ್ದ ಕಡಲಿನವು. ಅಮೋನೈಟ್‌ಗಳ ಜಾತಿಗಳು ಬೇಗ ಬೇಗ ಬದಲಾಗುತ್ತಿದ್ದವು, ಕಡಲೆಲ್ಲ ಹರಡುತ್ತಿದ್ದವು. ಹಾಗಾಗಿ ಇಂಗ್ಲೆಂಡಿನಲ್ಲಿ ಒಂದು ಜಾತಿ, ನೇಪಾಳದಲ್ಲಿ ಅದೇ ಜಾತಿ ಸಿಕ್ಕಿದರೆ ಎರಡೂ ಪದರ ಒಂದೇ ಕಾಲದ್ದು. ಕಾಲುವೆ ತೋಡಿಸುತ್ತಿದ್ದ ಸರ್ವೆಯರ್ ವಿಲಿಯಂ ಸ್ಮಿತ್ ಪದರಗಳನ್ನು ಹೀಗೆ ಪಳೆಯುಳಿಕೆಯಿಂದ ಗುರುತಿಸೋದನ್ನು ಕಂಡುಕೊಂಡು, 1815ರಲ್ಲಿ ಇಂಗ್ಲೆಂಡ್, ವೇಲ್ಸ್‌ನ ಭೂಪಟವನ್ನೇ ತಂದ. ಆಗ ಒಂದು ಪದರಕ್ಕೂ ವರ್ಷದ ಲೆಕ್ಕ ಗೊತ್ತಿರಲಿಲ್ಲ.

ಆದರೆ ಪಳೆಯುಳಿಕೆ ಹೌದೋ ಅಲ್ಲವೋ ಅನ್ನೋದು ಮೊದಲು ಗಟ್ಟಿಯಾಗಬೇಕು. ಮಧ್ಯಪ್ರದೇಶದ ಭೀಮ್‌ಬೇಟ್ಕಾ ಗುಹೆಯ ಚಾವಣಿಯಲ್ಲಿ 2020ರಲ್ಲಿ ಡಿಕಿನ್ಸೋನಿಯಾ ಅನ್ನೋ ಆದಿಜೀವಿಯ ಗುರುತು ಸಿಕ್ಕಿತು ಅಂತ ದೊಡ್ಡ ಸುದ್ದಿ ಆಯಿತು. ನಿಜ ಆಗಿದ್ದರೆ ಆ ಕಲ್ಲು ಸುಮಾರು 55 ಕೋಟಿ ವರ್ಷದ್ದಾಗಬೇಕಿತ್ತು. ಬೇರೆ ತಂಡದವರು ಹೋಗಿ ನೋಡಿದಾಗ ಅದು ಬಂಡೆಯಿಂದ ಸುಲಿದು ಬರುತ್ತಿತ್ತು. ಹೆಜ್ಜೇನಿನ ಹಳೇ ಗೂಡಿನ ಕಲೆ! ಮೊದಲು ಪ್ರಕಟಿಸಿದ ವಿಜ್ಞಾನಿಯೂ ಅದನ್ನು ಒಪ್ಪಿಕೊಂಡರು. ಮತ್ತೊಮ್ಮೆ ಹೋಗಿ ನೋಡುವವರು ಇರೋದರಿಂದಲೇ ನನಗೆ ಈ ವಿದ್ಯೆಯ ಮೇಲೆ ಗೌರವ.

ತುರುವೇಕೆರೆ ಮೇಷ್ಟ್ರು
ಎಷ್ಟು ಚೆನ್ನಾಗಿ ಬಿಡಿಸುತ್ತಿದ್ದೀರಿ, ಎಲ್ಲರಿಗೂ ವಂದನೆ. ಕಾಲ ಹಂಚಿದ ವಿಷಯ ಉಳಿದಿದೆ. ಡೈನೋಸಾರ್ ಅಳಿದದ್ದು 6.5 ಕೋಟಿ ವರ್ಷದ ಹಿಂದೆ ಅಂತ ನಾನು ಓದಿದ್ದು. ಈಗಿನ ಪುಸ್ತಕಗಳಲ್ಲಿ 6.6 ಅಂತ ಇದೆ. ಗಡಿಯನ್ನೇ ಬದಲಾಯಿಸಿದರಾ?

ಸುತ್ತಿಗೆ ರಾಯರು
ಗಡಿ ಅಲ್ಲೇ ಇದೆ, ಅಳತೆ ಚೊಕ್ಕ ಆಯಿತು. ಹೇಗಂದರೆ, ಒಂದು ಕಾಲ ಎಲ್ಲಿ ಶುರು ಅನ್ನೋದನ್ನು ಪ್ರಪಂಚದ ಯಾವುದೋ ಒಂದು ಜಾಗದ ಒಂದು ಪದರದಲ್ಲಿ ಗುರುತು ಹಾಕುತ್ತಾರೆ. ಚಿನ್ನದ ಮೊಳೆ ಅಂತ ಕರೆಯುತ್ತಾರೆ. ಟ್ರಯಾಸಿಕ್ ಕಾಲದ ಆರಂಭದ್ದು ಚೀನಾದ ಮೈಶಾನ್‌ನಲ್ಲಿದೆ. ಹಲ್ಲಿನಾಕಾರದ ಪುಟ್ಟ ಪಳೆಯುಳಿಕೆಯೊಂದು ಮೊದಲ ಸಲ ಕಾಣೋ ಪದರ ಅದು. ಅದರ ಮೇಲೂ ಕೆಳಗೂ ಬೂದಿ ಇದೆ, ಅದರ ಜಿರ್ಕಾನ್‌ನಿಂದ 25.19 ಕೋಟಿ ವರ್ಷ ಅಂತ ಬಂದಿದೆ. ನಾಳೆ ಇನ್ನೂ ಒಳ್ಳೆ ಯಂತ್ರ ಬಂದರೆ ಅಂಕಿ ಸ್ವಲ್ಪ ಸರಿಯಬಹುದು. ಮೊಳೆ ಸರಿಯೋದಿಲ್ಲ. ಡೈನೋಸಾರ್ ಗಡಿಯ ಮೊಳೆ ಟುನೀಶಿಯಾದ ಎಲ್ ಕೆಫ್‌ನಲ್ಲಿದೆ.

ಹೆಸರುಗಳೂ ಹೀಗೇ ಜಾಗಗಳಿಂದ ಬಂದವು. ಡೆವೋನಿಯನ್ ಇಂಗ್ಲೆಂಡಿನ ಡೆವನ್‌ನಿಂದ, ಪರ್ಮಿಯನ್ ರಷ್ಯಾದ ಪೆರ್ಮ್‌ನಿಂದ, ಜುರಾಸಿಕ್ ಜೂರಾ ಪರ್ವತದಿಂದ. ನಮ್ಮ ಮೇಘಾಲಯದ ಹೆಸರೂ ಇದೆ. ಮಾಮ್‌ಲೂ ಗುಹೆಯಲ್ಲಿ ಬೆಳೆದ ಸುಣ್ಣದ ಕಂಬದ ಒಳಗೆ, ಸುಮಾರು 4,200 ವರ್ಷದ ಹಿಂದೆ ಮಳೆಗಾಲ ಬಡವಾದ ಗುರುತು ಇದೆ. 2018ರಿಂದ ಅಲ್ಲಿಂದೀಚೆಗಿನ ಕಾಲಕ್ಕೆ ಮೇಘಾಲಯನ್ ಅಂತ ಹೆಸರು.

ಲಾಲ್‌ಬಾಗ್ ಬಂಡೆ ಇವುಗಳಲ್ಲಿ ಯಾವುದಕ್ಕೂ ಸೇರೋದಿಲ್ಲ. ಅದು ಇವೆಲ್ಲಕ್ಕಿಂತ ಹಳೆಯದಾದ ಆರ್ಕಿಯನ್ ಅನ್ನೋ ಕಾಲದ್ದು. ಆಗ ಚಿಪ್ಪು, ಮೂಳೆ ಇದ್ದ ಜೀವಿಗಳೇ ಇರಲಿಲ್ಲ. ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ದಿಬ್ಬಗಳಷ್ಟೇ. ಮೇಷ್ಟ್ರೇ, ನಿಮ್ಮ ತುಮಕೂರು ಜಿಲ್ಲೆಯ ದೊಡ್ಡಗುಣಿ ಹತ್ತಿರದ ಸುಣ್ಣಕಲ್ಲಿನಲ್ಲಿ ಅಂಥವು ಸಿಕ್ಕಿವೆ. ಅವುಗಳಿಂದ ಅಮೋನೈಟ್‌ನಂತೆ ಕಾಲ ಗುರುತಿಸೋಕೆ ಆಗೋದಿಲ್ಲ. ಅದಕ್ಕೇ ಅಷ್ಟು ಹಳೇ ಕಾಲದ ಗಡಿಗಳನ್ನು ಹೆಚ್ಚಾಗಿ ಬರೀ ಅಂಕಿಯಲ್ಲಿ ಇಟ್ಟಿದ್ದಾರೆ. ಆರ್ಕಿಯನ್ ಮುಗಿಯೋದು ಸರಿಯಾಗಿ 250 ಕೋಟಿ ವರ್ಷಕ್ಕೆ. ಅನುಕೂಲಕ್ಕೆ ಎಳೆದ ಗೆರೆ, ಒಂದು ಪದರದಲ್ಲಿ ಕಂಡದ್ದಲ್ಲ. ನನಗೆ ಅದು ಸಮಾಧಾನ ಇಲ್ಲ. ಧಾರವಾಡ, ಚಿತ್ರದುರ್ಗ, ಕೋಲಾರದ ಕಲ್ಲುಗಳಲ್ಲಿ ಅಷ್ಟು ದೊಡ್ಡ ಕಥೆ ಇರುವಾಗ ಗಡಿಯನ್ನು ನಿಜವಾದ ಕಲ್ಲಿನ ಮೇಲೇ ಇಡಬೇಕು ಅನ್ನೋದು ನನ್ನ ಅಭಿಪ್ರಾಯ.

ಪರ್ತ್ ಕನ್ನಡಿಗ
ಮನುಷ್ಯರ ಕಾಲ ಅಂತ ಆಂತ್ರೊಪೊಸೀನ್ ಶುರು ಆಗಿದೆ ಅಂತಾರಲ್ಲ?

ಕಣ ಹೆಕ್ಕುವವಳು
ಅಧಿಕೃತವಾಗಿ ಇಲ್ಲ. ಕೆನಡಾದ ಕ್ರಾಫರ್ಡ್ ಕೆರೆಯ ಕೆಸರಿನಲ್ಲಿ ಮೊಳೆ ಹೊಡೆಯೋಣ ಅಂತ ಪ್ರಸ್ತಾವ ಇತ್ತು. 2024ರ ಮಾರ್ಚ್‌ನಲ್ಲಿ ಮತಕ್ಕೆ ಹಾಕಿ ತಿರಸ್ಕರಿಸಿದರು.

ರಾಮನಗರದ ಹುಡುಗ
ಅಕ್ಕ, ನಮ್ಮ ಕ್ವಾರಿಯ ಕಲ್ಲು ಕಳಿಸಿದರೆ ನಿಮಗೆ ಉಪಯೋಗ ಆಗುತ್ತದಾ?

ಕಣ ಹೆಕ್ಕುವವಳು
ಕಲ್ಲಿಗಿಂತ ಮೊದಲು ಫೋಟೋ ಬೇಕು ತಮ್ಮ. ಕಿತ್ತು ತಂದ ಕಲ್ಲು ವಯಸ್ಸು ಹೇಳುತ್ತದೆ, ಯಾವುದು ಯಾವುದನ್ನು ಸೀಳಿತ್ತು ಅಂತ ಹೇಳೋದಿಲ್ಲ. ಬೂದು, ಗುಲಾಬಿ, ಕಪ್ಪು ಮೂರೂ ಒಂದೇ ಗೋಡೆಯಲ್ಲಿ ಕಾಣೋ ಜಾಗ ಇದ್ದರೆ ಎದುರಿಗೆ ನಿಂತು ತೆಗಿ. ಅಳತೆಗೆ ಪೆನ್ನೋ ಸುತ್ತಿಗೆಯೋ ಪಕ್ಕದಲ್ಲಿಡು. ಉತ್ತರ ದಿಕ್ಕು ಯಾವ ಕಡೆ ಅಂತ ಬರೆ, ಮೊಬೈಲಿನ ಲೊಕೇಶನ್ ಹಾಕು. ಕೆಲಸ ನಡೆಯದ ಹೊತ್ತಿನಲ್ಲಿ, ಮಾಲೀಕರ ಒಪ್ಪಿಗೆ ಕೇಳಿಕೊಂಡೇ ಹೋಗು. ಗೋಡೆಯ ಬುಡಕ್ಕೆ ಹೋಗಬೇಡ.

ರಾಮನಗರದ ಹುಡುಗ
ಅಂಥ ಗೋಡೆ ಒಂದು ಇದೆ ಅಕ್ಕ. ಅದನ್ನು ಸಿಡಿಸೋಕೆ ಕುಳಿ ಹೊಡೆಯುತ್ತಿದ್ದಾರೆ. ಭಾನುವಾರ ಕೆಲಸ ಇರೋದಿಲ್ಲ. ಮಾಲೀಕರನ್ನು ಕೇಳಿ ಅವತ್ತೇ ಹೋಗಿ ತೆಗೆದು ಇಲ್ಲೇ ಹಾಕುತ್ತೇನೆ.